ಮಂಡ್ಯ ಜಿಲ್ಲೆ: ಹತ್ತು ವರ್ಷಕ್ಕೆ ಬರೀ 42 ಸಾವಿರ ಜನ ಜಾಸ್ತಿ, ಉಳಿದವರು ಎಲ್ಲಿ ಹೋದರು?

ಕೆರಗೋಡಿನವ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಸ್ಕೂಲಲ್ಲಿ ‘ನಮ್ಮ ಜಿಲ್ಲೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಭೂಗೋಳ, ಇತಿಹಾಸ, ಜನಸಂಖ್ಯೆ ಎಲ್ಲ ಹತ್ತು ಪುಟದಲ್ಲಿ ಬರಬೇಕಂತೆ. ಹುಡುಗ ಬೆಂಗಳೂರಲ್ಲಿ ಹುಟ್ಟಿದವನು. ಊರು ಅಂದರೆ ಅವನಿಗೆ ಹಬ್ಬಕ್ಕೆ ಹೋಗುವ ಜಾಗ, ಅಷ್ಟೆ. ಹಾಗಾಗಿ ಕೆಲಸ ಮಾವನ ತಲೆಗೆ ಬಂತು.

ಭೂಗೋಳ ಅರ್ಧ ಗಂಟೆಯಲ್ಲಿ ಮುಗಿಯಿತು. ವಿಸ್ತೀರ್ಣ 4,961 ಚದರ ಕಿಲೋಮೀಟರ್. ತಾಲ್ಲೂಕು ಏಳು: ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ. ನದಿಗಳು ಕಾವೇರಿ, ಹೇಮಾವತಿ, ಶಿಂಷಾ, ಲೋಕಪಾವನಿ, ವೀರವೈಷ್ಣವಿ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಯಿತು.

ಸಿಕ್ಕಿಹಾಕಿಕೊಂಡಿದ್ದು ಜನಸಂಖ್ಯೆಯ ಪುಟದಲ್ಲಿ. 2001ರ ಗಣತಿಯಲ್ಲಿ 17,63,705. 2011ರಲ್ಲಿ 18,05,769. ಕಳೆದು ನೋಡಿದರೆ ಹತ್ತು ವರ್ಷಕ್ಕೆ 42,064. ಶೇಕಡಾ ಎರಡೂವರೆ ಕೂಡ ಇಲ್ಲ! ಅದೇ ಹತ್ತು ವರ್ಷದಲ್ಲಿ ರಾಜ್ಯ ಶೇ. 15ಕ್ಕೂ ಜಾಸ್ತಿ ಬೆಳೆದಿದೆ. ಬೆಂಗಳೂರು ನಗರ ಜಿಲ್ಲೆಯೊಂದಕ್ಕೇ 30 ಲಕ್ಷ ಜನ ಸೇರಿದ್ದಾರೆ. ನಾನು ಮೊದಲು ಎಲ್ಲೋ ಸೊನ್ನೆ ಬಿಟ್ಟಿದ್ದೀನಿ ಅಂದುಕೊಂಡೆ. ಎರಡು ಸಲ ನೋಡಿದೆ, ಸರಿಯಾಗೇ ಇದೆ.

ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್. ಅಣೆಕಟ್ಟು) ಇದೆ, ನಾಲೆ ಇದೆ, ಕಬ್ಬು ಭತ್ತ ಬೆಳೆಯುವ ಜಿಲ್ಲೆ. ನೀರಿರುವ ಕಡೆ ಜನ ಜಾಸ್ತಿ ಆಗಬೇಕಲ್ವಾ? ಗೊತ್ತಿರುವವರು ಸ್ವಲ್ಪ ಹೇಳಿ.

ಹಲಗೂರು ಹೈದ

ಎಲ್ಲಿ ಹೋದರು ಅಂತ ಕೇಳ್ತಿದ್ದೀರಲ್ಲ ಗುರುಗಳೇ, ನೀವು ಎಲ್ಲಿ ಕೂತು ಕೇಳ್ತಿದ್ದೀರ?

ಕೆರಗೋಡಿನವ

ಬೆಂಗಳೂರು, ಕೆಂಗೇರಿ 😅

ನಾಲೆ ಬದಿ

ಹೈದನ ಮಾತು ಚುರುಕಾಗಿದೆ. ಆದರೆ ಪ್ರಶ್ನೆಗೆ ಪೂರ್ತಿ ಉತ್ತರ ಅದಲ್ಲ. ಜನ ಯಾಕೆ ಹೋದರು ಅಂತ ಹೇಳಬೇಕಾದರೆ ಮೊದಲು ಯಾಕೆ ತುಂಬಿದರು ಅಂತ ಹೇಳಬೇಕು.

ನಮ್ಮ ಜಿಲ್ಲೆಯ ಕಥೆ ಶುರುವಾಗುವುದು ಕೋಲಾರದಲ್ಲಿ ಅಂದರೆ ಯಾರೂ ನಂಬಲ್ಲ. ಕೆ.ಜಿ.ಎಫ್. ಚಿನ್ನದ ಗಣಿಗೆ ಕರೆಂಟ್ ಬೇಕಿತ್ತು. ಅದಕ್ಕೆ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಶುರುವಾಯಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಕರೆಂಟ್ ಕಡಿಮೆ, ಗಣಿಗೆ ತೊಂದರೆ. ವರ್ಷಪೂರ್ತಿ ಒಂದೇ ಸಮ ನೀರು ಬಿಡಬೇಕಾದರೆ ಮೇಲೆ ಎಲ್ಲಾದರೂ ಕಟ್ಟಿ ನಿಲ್ಲಿಸಬೇಕು. ಕನ್ನಂಬಾಡಿ ಕಟ್ಟೆಯ ಯೋಚನೆಗೆ ಇದೂ ಒಂದು ದೊಡ್ಡ ಕಾರಣ. 1911ರಲ್ಲಿ ಕೆಲಸ ಶುರು, ಮುಗಿಯೋಕೆ ಇಪ್ಪತ್ತು ವರ್ಷ. ಸಿಮೆಂಟ್ ಬದಲು ಸುರ್ಕಿ ಗಾರೆ (ಸುಣ್ಣ, ಇಟ್ಟಿಗೆ ಪುಡಿ ಕಲಸಿದ್ದು) ಹಾಕಿ ಕಟ್ಟಿದ್ದು. ಪೂರ್ತಿ ಮಟ್ಟ 124.80 ಅಡಿ, ಹಿಡಿಯುವುದು 49.45 ಟಿಎಂಸಿ. ಈ 124.80 ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಸ್ವಂತ ಫೋನ್ ನಂಬರ್ ಮರೆತರೂ ಇದನ್ನ ಮರೆಯಲ್ಲ.

ಅಲ್ಲಿಂದ ಇರ್ವಿನ್ ನಾಲೆ ಬಂತು. ಈಗ ವಿಶ್ವೇಶ್ವರಯ್ಯ ನಾಲೆ ಅಂತೀವಿ, ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ನೀರು ಈಚೆ ತಂದರು. ಮಂಡ್ಯ, ಮದ್ದೂರು, ಮಳವಳ್ಳಿಯ ಒಣ ಹೊಲಗಳು ಗದ್ದೆ ಆಗಿದ್ದು ಆಗಲೇ. ನೀರು ಬಂದರೆ ಏನು ಬೆಳೆಯೋದು? ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅಂತ ಒಬ್ಬರಿದ್ದರು. ಕೀಟಶಾಸ್ತ್ರ ಓದಿದವರು. ಕಬ್ಬು ಬೆಳೆಸಿ, ಇಲ್ಲೇ ಕಾರ್ಖಾನೆ ಮಾಡೋಣ ಅಂತ ಹಟ ಹಿಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಅದೇ ಮೈಷುಗರ್. ಆರು ವರ್ಷಕ್ಕೆ ಜಿಲ್ಲೆ ಆಯಿತು. ಕಾರ್ಖಾನೆ ಮೊದಲು, ಜಿಲ್ಲೆ ಆಮೇಲೆ. ಇದನ್ನ ಹುಡುಗ ದಪ್ಪ ಅಕ್ಷರದಲ್ಲಿ ಬರೆಯಲಿ.

ನಾಲೆ ಬಂದ ಹೊಸದರಲ್ಲಿ ಎಲ್ಲಾ ಚಿನ್ನದಂಗೆ ಇರಲಿಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದರು, ಗದ್ದೆ ಜೊತೆ ಚಳಿಜ್ವರವೂ ಬಂತು ಅಂತ. ಮನೆಗಿಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದರಂತೆ. ಆದರೂ ಜನ ಬಂದರು. ನೆಂಟರು ನೆಂಟರನ್ನ ಕರೆಸಿಕೊಂಡರು. ಕೂಲಿಗೆ ಅಂತ ಬಂದವರು ಇಲ್ಲೇ ನಿಂತರು.

ಶಾಸನದ ಹುಚ್ಚು

ನಾಲೆ ಬದಿಯವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಕನ್ನಂಬಾಡಿಗಿಂತ ಮುಂಚೆ ಏನೂ ಇರಲಿಲ್ಲ ಅನ್ನುವ ಥರ ಆಯಿತು. ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ಒಡೆಯರ ಕಾಲದವು. ನದಿಗೆ ಅಡ್ಡ ಕಲ್ಲಿನ ಕಟ್ಟೆ ಹಾಕಿ ನೀರು ತಿರುಗಿಸಿದ್ದು. ಇವತ್ತೂ ಹರಿಯುತ್ತವೆ. ಒಣಗಿದ್ದು ಮಂಡ್ಯ, ಮದ್ದೂರು ಕಡೆ. ಪಟ್ಟಣದ ಕಡೆ ಗದ್ದೆ ಮುಂಚೆಯೇ ಇತ್ತು.

ಇತಿಹಾಸದ ಪುಟಕ್ಕೆ ಎಲ್ಲರೂ 1799ರ ಮೇ 4, ಶ್ರೀರಂಗಪಟ್ಟಣ ಬಿತ್ತು ಅಂತ ಬರೆಯುತ್ತಾರೆ. ಬರೆಯಲಿ. ಆದರೆ ಹುಡುಗನಿಗೆ ಇಷ್ಟ ಆಗುವಂಥದ್ದು ಬೇಕಾದರೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಹೇಳಿ. ಕ್ರಿ.ಶ. 949-50ರದ್ದು. ಆತಕೂರಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. (ಕಲ್ಲೂ ಬೆಂಗಳೂರಿಗೇ ಹೋಗಿದೆ ನೋಡಿ.) ಗಂಗರ ಬೂತುಗನ ಕಡೆಯ ವೀರ ಮಣಲರತ ಯುದ್ಧದಲ್ಲಿ ಮೆರೆದ. ಏನು ಬೇಕೋ ಕೇಳು ಅಂದರೆ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಹತ್ತಿರ ಇದ್ದ ‘ಕಾಳಿ’ ಅನ್ನೋ ಬೇಟೆನಾಯಿ ಕೊಡಿ ಅಂದ. ಆ ನಾಯಿ ಮುಂದೆ ದೊಡ್ಡದೊಂದು ಹಂದಿ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ನಾಯಿಗೆ ವೀರಗಲ್ಲು ಹಾಕಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರು ನಿಂತಿವೆ. ರಾಷ್ಟ್ರಕೂಟರು ಚೋಳರನ್ನ ಸೋಲಿಸಿದ ತಕ್ಕೋಲದ ಯುದ್ಧದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ನನಗೆ ಮಾತ್ರ ನಾಯಿಯೇ ಮುಖ್ಯ.

ಇನ್ನೊಂದು ಚಿಕ್ಕದು. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರು. ಹೈದರ್, ಟಿಪ್ಪು ಹತ್ತಿರ ಇದ್ದ ಫ್ರೆಂಚ್ ಸೈನಿಕರು ಅಲ್ಲಿನ ಬೆಟ್ಟದ ಪಕ್ಕ ಬೀಡುಬಿಟ್ಟಿದ್ದರು. ಅದಕ್ಕೂ ಮುಂಚೆ ಹಿರೋಡೆ. ನಮ್ಮ ತಾತನ ಹಳೇ ಕಾಗದಗಳಲ್ಲಿ ‘ಫ್ರೆಂಚ್‌ರಾಕ್ಸ್’ ಅಂತಲೇ ಇದೆ.

ಗಂಜಾಂ ರಸ್ತೆ

ಕನ್ನಂಬಾಡಿಯಲ್ಲಿ ಸಿಕ್ಕಿದ ಟಿಪ್ಪುವಿನ 1794ರ ಪರ್ಷಿಯನ್ ಶಾಸನದ ವಿಷಯ ಯಾಕೆ ಬಿಟ್ಟಿರಿ? ಕಟ್ಟೆಗೆ ಮೊದಲು ಅಡಿಗಲ್ಲು ಹಾಕಿದ್ದು ಯಾರು ಅಂತ ಎಲ್ಲರಿಗೂ ಗೊತ್ತಾಗಲಿ.

ನಿರ್ವಾಹಕ

ಶಾಸನ ಇದೆ, ಕಟ್ಟೆಯ ಹತ್ತಿರವೇ ನಿಲ್ಲಿಸಿದ್ದಾರೆ, ಹೋದವರು ನೋಡಬಹುದು. ಕಟ್ಟೆ ಕಟ್ಟಿದ್ದು ನಾಲ್ವಡಿಯವರ ಕಾಲದಲ್ಲಿ, ಅದೂ ಎಲ್ಲರಿಗೂ ಗೊತ್ತು. ಇದರ ಕೆಳಗೆ ಬಂದ ಹದಿನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ಪ್ರಶ್ನೆ ಇರುವುದು ಜನಸಂಖ್ಯೆ ಬಗ್ಗೆ. ದಯವಿಟ್ಟು ವಾಪಸ್ ಬನ್ನಿ.

ಬಿಂಡಿಗನವಿಲೆ ರಾಗಿ

ನಾನು ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ‘ನೀರಿರುವ ಜಿಲ್ಲೆ’ ಅಂತ ನೋಡಿ ಬರೆಯಲೇಬೇಕಾಯಿತು.

ಮಂಡ್ಯ ಅಂದ ತಕ್ಷಣ ಹಸಿರು ಗದ್ದೆ ಫೋಟೋ ಹಾಕುತ್ತೀರಿ. ನಾಗಮಂಗಲಕ್ಕೆ ಬನ್ನಿ ಸಾರ್. ನಮ್ಮದು ಬಂಡೆ, ಕುರುಚಲು, ತೆಂಗು, ರಾಗಿ. ಹೇಮಾವತಿ ನಾಲೆ ನೀರು ಒಂದಷ್ಟು ಕಡೆ ಬಂದಿದೆ. ಉಳಿದವರು ಬೋರ್‌ವೆಲ್ ಕೊರೆಸಿ ದೇವರ ಮೇಲೆ ಭಾರ ಹಾಕುವುದು. ನಮ್ಮ ತೋಟದಲ್ಲಿ ಮೂರು ಕೊರೆಸಿದೆವು, ಎರಡರಲ್ಲಿ ಬರೀ ಧೂಳು. ಮೂರನೆಯದರಲ್ಲಿ ಬಂದ ನೀರು ತೆಂಗಿನ ಗಿಡಕ್ಕೆ ಸಾಕು, ಅಷ್ಟೆ. ನೀರಾವರಿ ಜಿಲ್ಲೆ ಅಂತ ಒಂದೇ ಬಣ್ಣ ಬಳಿದರೆ ನಾವು ಎಲ್ಲಿ ಹೋಗೋಣ? ಹುಡುಗನಿಗೆ ಹೇಳಿ, ನಕ್ಷೆಯಲ್ಲಿ ಎರಡು ಬಣ್ಣ ಹಾಕಲಿ.

ಹಾಗಂತ ಕೊಡುಗೆ ಇಲ್ಲ ಅಂತಲ್ಲ. ಹಳ್ಳಿಕಾರ್ ಎತ್ತುಗಳು ನಮ್ಮ ಕಡೆಯ ಹೆಮ್ಮೆ. ನಾಗಮಂಗಲದ ಹಿತ್ತಾಳೆ ಕೆಲಸ, ಸೌಮ್ಯಕೇಶವ ದೇವಸ್ಥಾನ, ಕಂಬದಹಳ್ಳಿಯ ಗಂಗರ ಕಾಲದ ಬಸದಿ, ಆದಿಚುಂಚನಗಿರಿ ಎಲ್ಲ ಈ ಒಣ ತಾಲ್ಲೂಕಿನಲ್ಲೇ. ಇನ್ನು ರಾಗಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅಂತ ವಿಜ್ಞಾನಿ ಇದ್ದರು, ಜನ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಕರೆದರು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ‘ಇಂಡಾಫ್’ ತಳಿ ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಒಣ ಹೊಲದವನ ಹೊಟ್ಟೆ ತುಂಬಿಸಿದ ಕೆಲಸ ಅದು. ಸಕ್ಕರೆ ನಾಡು ಅಂತ ಕುಣಿಯುವವರು ಅವರ ಹೆಸರು ಹೇಳುವುದೇ ಇಲ್ಲ.

ನಾಲೆ ಬದಿ

ಒಪ್ಪಿದೆ ಅಣ್ಣ. ಎರಡು ಬಣ್ಣ ಹಾಕಿಸಿ. ಅಲ್ಲ, ಮೂರು. ನಾಲೆಯ ಕೊನೆ ಭಾಗದವರಿಗೆ ಬೇರೆಯೇ ಬಣ್ಣ ಬೇಕು. ಕಾಗದದಲ್ಲಿ ಅವರು ನೀರಾವರಿ. ಗದ್ದೆಯಲ್ಲಿ ಬಿರುಕು.

ಹಲಗೂರು ಹೈದ

ಅದು ನಾವು. ಮಳವಳ್ಳಿ ತಾಲ್ಲೂಕು. ಕಟ್ಟು ನೀರು ಅಂತ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರಲ್ಲ, ಬಿಟ್ಟ ನೀರು ಮೇಲಿನವರ ತೂಬು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ನಿಲ್ಲಿಸುವ ದಿನ ಬಂದಿರುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಏರಿ ಮೇಲೆ ಕೂತು ನೀರು ಕಾದಿದ್ದೀವಿ. ದೂರದಿಂದ ಸದ್ದು ಬರುತ್ತೆ, ಕಸಕಡ್ಡಿ ತಳ್ಳಿಕೊಂಡು ಒಂದು ಗೇಣು ನೀರು ಬರುತ್ತೆ, ಬೆಳಿಗ್ಗೆಗೆ ಅದೂ ಇಲ್ಲ.

ಈಗ ತಮಾಷೆ ಕೇಳಿ. ಬೆಂಗಳೂರಿಗೆ ಕುಡಿಯುವ ನೀರು ಎತ್ತುವುದು ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಟಿ.ಕೆ. ಹಳ್ಳಿ ಅಂತ ಬೋರ್ಡ್ ನೋಡಿರುತ್ತೀರಿ. ಮೊದಲ ಹಂತ 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು, ಅದೊಂದರಲ್ಲೇ 775 ಎಂ.ಎಲ್.ಡಿ., ಅಂದರೆ ದಿನಕ್ಕೆ 77.5 ಕೋಟಿ ಲೀಟರ್. ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡುತ್ತಾರೆ. ನಾನು ನಾಗರಬಾವಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಲ್ಲಿ ತಿರುಗಿಸಿದರೆ ನಮ್ಮೂರ ನೀರು ಬರುತ್ತಿತ್ತು. ಊರಲ್ಲಿ ಅದೇ ನೀರಿಗೆ ರಾತ್ರಿ ಕಾಯಬೇಕು. ಆಮೇಲೆ ಯಾಕೆ ಬಂದೆ ಬೆಂಗಳೂರಿಗೆ ಅಂತ ಕೇಳುತ್ತಾರೆ. ನೀರು ಹೋದ ದಾರಿಯಲ್ಲೇ ಬಂದೆ.

ಕೆರಗೋಡಿನವ

ಇದನ್ನ ಹುಡುಗನಿಗೆ ಓದಿ ಹೇಳಿದೆ. ‘ಮಾವ, ನಾವು ಕುಡಿಯೋದು ಮಳವಳ್ಳಿ ನೀರಾ?’ ಅಂತ ಲೋಟ ಎತ್ತಿ ನೋಡಿದ.

ನಿವೃತ್ತ ಮೇಷ್ಟ್ರು, ಕೊಪ್ಪ

2011ರಲ್ಲಿ ಜನಗಣತಿ ಕೆಲಸ ಮಾಡಿದವನು ನಾನು. ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ತಿರುಗಿದೆವು. ಆ ಅನುಭವ ಹೇಳುತ್ತೇನೆ. ಅಂಕಿಗಿಂತ ಅದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರಬಹುದು.

ನಿಯಮ ಏನು ಗೊತ್ತಾ? ಯಾರು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತಾರೋ ಅಲ್ಲೇ ಎಣಿಸಬೇಕು. ಊರಲ್ಲಿ ಮನೆ ಇದೆ, ವೋಟು ಇದೆ, ಹಬ್ಬಕ್ಕೆ ಬರುತ್ತಾನೆ ಅಂದರೆ ಸಾಲದು. ಒಂದು ಮನೆಗೆ ಹೋದೆ. ಎಪ್ಪತ್ತು ದಾಟಿದ ತಾಯಿ, ಜಗಲಿ ಮೇಲೆ ಹುರುಳಿ ಕೇರುತ್ತಾ ಕೂತಿದ್ದರು. ಮನೆಯಲ್ಲಿ ಎಷ್ಟು ಜನ ಅಮ್ಮ ಅಂದೆ. ‘ಒಂಬತ್ತು ಜನ ಬರ್ಕೊಳ್ಳಿ ಮೇಷ್ಟ್ರೆ’ ಅಂದರು. ಹೆಸರು ಕೇಳುತ್ತಾ ಹೋದೆ. ದೊಡ್ಡ ಮಗ ಪೀಣ್ಯದಲ್ಲಿ, ಅವನ ಸಂಸಾರ ನಾಲ್ಕು ಜನ ಅಲ್ಲೇ. ಎರಡನೆಯವನು ಮೈಸೂರಲ್ಲಿ ಡ್ರೈವರ್, ಮೂರು ಜನ. ಹಾಗಾದರೆ ಇಲ್ಲಿ? ಆಯಮ್ಮ ಮೊರ ಕೆಳಗಿಟ್ಟು ‘ನಾನೂ ನಮ್ಮೆಜಮಾನ್ರೂ’ ಅಂದರು. ಎರಡೇ ಬರೆದೆ. ಅವರಿಗೆ ಸಮಾಧಾನ ಆಗಲಿಲ್ಲ. ಬರೆಯದಿದ್ದರೆ ರೇಷನ್ ಕಾರ್ಡಿನಿಂದ ಹೆಸರು ಹೋಗುತ್ತೇನೋ ಅನ್ನುವ ಭಯ. ರೇಷನ್‌ಗೂ ಇದಕ್ಕೂ ಸಂಬಂಧವಿಲ್ಲ ಅಂದರೂ ಬೀದಿ ಕೊನೆವರೆಗೂ ಹಿಂದೆ ಬಂದರು. ‘ಮಕ್ಕಳನ್ನ ಮನೇಲಿ ಇಲ್ಲ ಅಂತ ಬರೀಬಾರದು ಮೇಷ್ಟ್ರೆ, ಒಳ್ಳೇದಲ್ಲ.’

ಆ ಬೀದಿಯಲ್ಲಿ ಇಂಥ ಮನೆ ಒಂದೇ ಅಲ್ಲ. ನಿಮ್ಮ 42 ಸಾವಿರದ ಲೆಕ್ಕ ಅಲ್ಲಿದೆ.

ಇನ್ನೊಂದು ಮಾತು. ಹುಟ್ಟುವುದೂ ಕಡಿಮೆಯಾಗಿದೆ. ರಾಜ್ಯದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಗು ಅಂತ 2019-21ರ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಒಂದನೇ ತರಗತಿಯಲ್ಲಿ ನಲವತ್ತು ಮಕ್ಕಳು. ನಿವೃತ್ತಿ ವರ್ಷ ಏಳು. 2021ರ ಗಣತಿ ನಡೆಯಲೇ ಇಲ್ಲ, ಈಗ 2027ಕ್ಕೆ ಅಂದಿದ್ದಾರೆ. ಹಾಗಾಗಿ ಹುಡುಗನ ಪ್ರಾಜೆಕ್ಟಿನಲ್ಲಿ ‘2011ರ ಪ್ರಕಾರ’ ಅಂತ ಕಡ್ಡಾಯವಾಗಿ ಬರೆಸಿ. ಇಲ್ಲದಿದ್ದರೆ ನಾನಾದರೆ ಒಂದು ಮಾರ್ಕು ಕಳೆಯುತ್ತಿದ್ದೆ.

ಅಕ್ಕಿಹೆಬ್ಬಾಳು ಟು ಮುಂಬೈ

ಮೇಷ್ಟ್ರಿಗೆ ನಮಸ್ಕಾರ. ಎಲ್ಲರೂ ಬೆಂಗಳೂರು ಬೆಂಗಳೂರು ಅಂತಿದ್ದೀರ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು ಮುಂಬೈಗೆ ಹೋಗಿ ಹಲವು ಕಾಲ ಆಯಿತು. ಹೋಟೆಲ್, ಕ್ಯಾಂಟೀನ್, ಟ್ಯಾಕ್ಸಿ, ಸಣ್ಣಪುಟ್ಟ ವ್ಯಾಪಾರ. ನಮ್ಮಪ್ಪ ಹೋಗಿದ್ದು ಹದಿನೈದನೇ ವಯಸ್ಸಿಗೆ, ತಟ್ಟೆ ತೊಳೆಯೋಕೆ. ಇದು ಮಂಡ್ಯ ಪೇಟೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗಿದ್ದು 2020ರ ಮೇ ತಿಂಗಳಲ್ಲಿ. ಮುಂಬೈನಿಂದ ವಾಪಸ್ ಬಂದವರಿಂದ ಮಂಡ್ಯದಲ್ಲಿ ಕೊರೊನಾ ಏರಿತು ಅಂತ ದಿನಾ ಟಿ.ವಿ.ಯಲ್ಲಿ ಬಂತಲ್ಲ, ಆಗ. ‘ಇಷ್ಟು ಜನ ಮುಂಬೈಲಿ ಇದ್ರಾ?’ ಅಂತ ಎಲ್ಲರೂ ಬಾಯಿ ಬಿಟ್ಟರು. ನಾವು ಹಾಸ್ಟೆಲ್‌ನಲ್ಲಿ ಕ್ವಾರಂಟೈನ್ ಆಗಿ ಹದಿನಾಲ್ಕು ದಿನ ಕೂತಿದ್ದೆವು. ಕಾಂಪೌಂಡ್ ಆಚೆ ನಿಂತು ಸೋದರಮಾವ ಮುದ್ದೆ, ಸೊಪ್ಪಿನ ಸಾರು ಕಳಿಸಿದರು. ಹತ್ತಿರ ಮಾತ್ರ ಬರಲಿಲ್ಲ. ತಪ್ಪು ಅಂತ ಹೇಳಲ್ಲ, ಭಯದ ಕಾಲ.

ನಾಲೆ ಬದಿ

ಹೋಗೋಕೆ ಅಸಲು ಕಾರಣಕ್ಕೆ ಬರೋಣ. ಗುಂಟೆ ಲೆಕ್ಕ.

ನಮ್ಮ ಮನೆಯದ್ದೇ ಹೇಳುತ್ತೇನೆ. ತಾತನಿಗೆ ಆರು ಎಕರೆ ಗದ್ದೆ. ಊರಲ್ಲಿ ಅನುಕೂಲಸ್ಥರು. ಮಕ್ಕಳು ನಾಲ್ಕು ಜನ, ತಲೆಗೆ ಒಂದೂವರೆ ಎಕರೆ. ನಮ್ಮಪ್ಪನಿಗೆ ನಾವು ಮೂವರು, ತಲೆಗೆ ಇಪ್ಪತ್ತು ಗುಂಟೆ. ಅಂದರೆ ಅರ್ಧ ಎಕರೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ಅದು ಬೇರೆ ಗೋಳು.

ಅರ್ಧ ಎಕರೆಯಲ್ಲಿ ಕಬ್ಬು ಹಾಕಿದರೆ, ಚೆನ್ನಾಗಿ ಬಂದರೆ, ಇಪ್ಪತ್ತು ಟನ್. 2024-25ಕ್ಕೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಟನ್‌ಗೆ 3,400 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇ. 10.25 ಬಂದರೆ. ಕಡಿಮೆ ಬಂದರೆ ರೇಟೂ ಇಳಿಯುತ್ತೆ. ಕಟಾವು, ಸಾಗಣೆ ಅದರಲ್ಲೇ ಹೋಗಬೇಕು. ಬಿತ್ತನೆ, ಗೊಬ್ಬರ, ಕಳೆ, ನೀರು ಕಟ್ಟುವ ಕೂಲಿ ತೆಗೆದರೆ, ಒಂದು ವರ್ಷ ಕಾದಿದ್ದಕ್ಕೆ ಕೈಗೆ ಸಿಕ್ಕುವುದು ಬೆಂಗಳೂರಲ್ಲಿ ಸೆಕ್ಯೂರಿಟಿ ಗಾರ್ಡ್‌ಗೆ ಎರಡು ಮೂರು ತಿಂಗಳಲ್ಲಿ ಬರುವಷ್ಟು. ಇನ್ನು ಒಂದು ವರ್ಷ ಒಂದು ಕಾರ್ಖಾನೆಯವರ ಕಟಾವು ಪರ್ಮಿಟ್ ಬರುವಷ್ಟರಲ್ಲಿ ನಮ್ಮ ಕಬ್ಬು ಹೂ ಬಿಟ್ಟು ಬೆಂಡಾಗಿತ್ತು. ತೂಕವೂ ಇಲ್ಲ, ಮರ್ಯಾದೆಯೂ ಇಲ್ಲ.

ಆ ಕಾಲದ ನೀರು ಆರು ಎಕರೆಯವನಿಗೆ ಬಂದದ್ದು. ಅದೇ ನೀರು ಈಗ ಇಪ್ಪತ್ತು ಗುಂಟೆಯವನಿಗೆ ಬರುತ್ತಿದೆ. ನೀರು ಇದ್ದೂ ಜನ ಹೋದರು ಅಂತ ನಿಮಗೆ ಆಶ್ಚರ್ಯ. ನನ್ನ ಪ್ರಕಾರ ನೀರು ಇದ್ದದ್ದರಿಂದಲೇ ಮೂರು ತಲೆಮಾರು ಇಲ್ಲೇ ಉಳಿದು ಪಾಲು ಹಂಚಿಕೊಂಡೆವು. ಒಣ ತಾಲ್ಲೂಕಿನವರು ಮುಂಚೆಯೇ ಮುಂಬೈ ರೈಲು ಹತ್ತಿದರು. ನಾವು ತಡವಾಗಿ ಬೆಂಗಳೂರು ಬಸ್ಸು ಹತ್ತಿದೆವು.

ಬಿಂಡಿಗನವಿಲೆ ರಾಗಿ

ಇದೊಂದು ಮಾತು ನಿಜ.

ಮದ್ದೂರಿನ ಸೊಸೆ

ಇಷ್ಟೂ ಜನ ಬರೆದಿರಿ. ಹೆಂಗಸರ ವಿಷಯ ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

2011ರಲ್ಲಿ ಮಂಡ್ಯದಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರು. ರಾಜ್ಯದ 973ಕ್ಕಿಂತ ಚೆನ್ನಾಗಿದೆ ಅಂತ ಖುಷಿ ಪಡಬೇಡಿ. ಗಂಡಸರು ದುಡಿಮೆಗೆ ಹೊರಗೆ ಹೋದರೆ ಮನೆಯಲ್ಲಿ ಉಳಿಯುವುದು ಹೆಂಗಸರು, ಅದಕ್ಕೇ ಲೆಕ್ಕ ಸಮ ಆದಂತೆ ಕಾಣುತ್ತದೆ. 2023ರ ಕೊನೆಯಲ್ಲಿ ಏನು ಸಿಕ್ಕಿತು ನೆನಪಿದೆಯಾ? ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯಲ್ಲಿರುವುದು ಹೆಣ್ಣಾ ಗಂಡಾ ಅಂತ ನೋಡುತ್ತಿದ್ದರು. ಬೆಲ್ಲ ಬೇಯಿಸುವ ಜಾಗದಲ್ಲಿ.

ಅದಕ್ಕೂ ಸ್ವಲ್ಪ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ, ನಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ರೈತ ಹುಡುಗರು ಪಾದಯಾತ್ರೆ ಹೊರಟರು, ಮಾದಪ್ಪ ಹೆಣ್ಣು ಕೊಡಿಸಲಿ ಅಂತ. ಎಲ್ಲರೂ ಮೂವತ್ತು ದಾಟಿದವರು. ಟಿ.ವಿ.ಯವರು ನಕ್ಕರು. ನನಗೆ ನಗು ಬರಲಿಲ್ಲ, ಅದರಲ್ಲಿ ನಮ್ಮ ಮೈದುನನ ಸ್ನೇಹಿತನೂ ಇದ್ದ. ಒಳ್ಳೇ ಹುಡುಗ. ಒಂದು ಎಕರೆ ಗದ್ದೆ, ಎರಡು ಹಸು. ಹಿಂದಿನ ವರ್ಷ ಆದಿಚುಂಚನಗಿರಿಯ ವಧೂವರರ ಸಮಾವೇಶಕ್ಕೂ ಹೋಗಿದ್ದ. ಸಾವಿರಾರು ಗಂಡು, ಕೆಲವೇ ನೂರು ಹೆಣ್ಣು.

ನಾನೂ ರೈತನ ಮಗಳೇ. ನಮ್ಮಮ್ಮ ಹೇಳಿದ್ದು ಒಂದೇ ಮಾತು, ‘ನೀನು ಗೊಬ್ಬರ ಹೊರಬೇಡ.’ ನನ್ನನ್ನ ಗದ್ದೆಗೆ ಕೊಡಲಿಲ್ಲ, ಕೆಲಸದಲ್ಲಿರುವವರಿಗೆ ಕೊಟ್ಟರು. ಈಗ ನಾನೇ ಆ ಹುಡುಗನಿಗೆ ಹೆಣ್ಣು ಹುಡುಕುತ್ತಿದ್ದೇನೆ. ನನ್ನ ಚಿಕ್ಕಪ್ಪನ ಮಗಳ ಹೆಸರು ಯಾರೋ ಹೇಳಿದಾಗ ಸುಮ್ಮನಾದೆ. ಸುಳ್ಳು ಹೇಳಿ ಏನು ಪ್ರಯೋಜನ.

ಆಲೆಮನೆ ಅಳಿಯ

ಅಕ್ಕ, ನೀವು ಬರೆದಿದ್ದು ಓದಿ ತಲೆ ತಗ್ಗಿಸುವಂತಾಯಿತು. ಯಾರೋ ಮಾಡಿದ ಕೆಲಸಕ್ಕೆ ಆಲೆಮನೆ ಅಂದರೆ ಜನ ಬೇರೆ ಥರ ನೋಡುತ್ತಾರೆ.

ಒಂದು ವಿಷಯ ಸೇರಿಸುತ್ತೇನೆ. ಹೋದವರ ಲೆಕ್ಕ ಹಾಕಿದಿರಿ, ಬಂದವರ ಲೆಕ್ಕ? ನಮ್ಮ ಮಾವನ ಆಲೆಮನೆಯಲ್ಲಿ ಈಗ ಬೆಲ್ಲ ಮಾಡುವವರು ಉತ್ತರ ಪ್ರದೇಶದವರು. ಕಬ್ಬು ಕಡಿಯುವ ಗ್ಯಾಂಗ್ ಬಳ್ಳಾರಿ ಕಡೆಯದ್ದು. ಬೆಳಗಿನ ಜಾವ ನಾಲ್ಕಕ್ಕೆ ಗಾಣ ಶುರು. ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಗೆ ಬೀಳುತ್ತೆ. ಒಣಗಿದ ಸಿಪ್ಪೆಯನ್ನೇ ಒಲೆಗೆ ಹಾಕಿ ಉರಿ ಮಾಡಬೇಕು. ಕುದಿ ಬಂದಾಗ ಮೇಲೆ ಕಪ್ಪು ಮಡ್ಡಿ ಏಳುತ್ತೆ, ಅದನ್ನ ಜಾಲರಿಯಲ್ಲಿ ಎತ್ತಿ ಎಸೆಯಬೇಕು. ಹಿಂದೆ ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದರು. ಈಗ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುವವರೇ ಜಾಸ್ತಿ. ಹಳದಿ ಬೆಲ್ಲಕ್ಕೇ ಗಿರಾಕಿ, ಕಪ್ಪು ಬೆಲ್ಲ ಕೇಳುವವರು ಕಾರಲ್ಲಿ ಬರುವವರು ಮಾತ್ರ. ಪಾಕ ಹದಕ್ಕೆ ಬಂತಾ ಅಂತ ನೋಡುವವನು ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಮೊದಲು ಆ ಬೆರಳು ನಮ್ಮ ಮಾವನದ್ದು. ಈಗ ಉತ್ತರ ಪ್ರದೇಶದ ಒಬ್ಬ ಹುಡುಗನದ್ದು, ಅವನಿಗೆ ಇಪ್ಪತ್ತೆರಡು. ಕನ್ನಡ ನಮ್ಮಂಗೇ ಮಾತಾಡುತ್ತಾನೆ, ‘ಯಾಕಣ್ಣ ಇಷ್ಟೊತ್ತು’ ಅಂತಾನೆ.

ಮೇಷ್ಟ್ರೆ, 2027ರಲ್ಲಿ ಇವನನ್ನ ಎಲ್ಲಿ ಎಣಿಸುತ್ತಾರೆ?

ನಿವೃತ್ತ ಮೇಷ್ಟ್ರು, ಕೊಪ್ಪ

ಸಾಮಾನ್ಯವಾಗಿ ಇಲ್ಲೇ ವಾಸ ಇದ್ದರೆ ಇಲ್ಲೇ. ಹುಟ್ಟಿದ ಜಾಗ ಬೇರೆ ಕಾಲಂನಲ್ಲಿ ಬರೆಯುತ್ತಾರೆ. ಅವನು ಮಂಡ್ಯದವನೇ ಆಗುತ್ತಾನೆ, ನಮ್ಮ ಕೆರಗೋಡಿನವರು ಬೆಂಗಳೂರಿನವರು.

ಗಂಜಾಂ ರಸ್ತೆ

ಬೇಸರದ ವಿಷಯವೇ ಜಾಸ್ತಿ ಆಯಿತು. ಊಟದ ಪುಟ ಹಾಕಿ ಸಾರ್. ಮದ್ದೂರು ವಡೆ, ಮೇಲುಕೋಟೆ ಪುಳಿಯೋಗರೆ, ಮಳವಳ್ಳಿ ಕಡೆ ಬಂಡೂರು ಕುರಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಗೋಷ್ಠಿಗಿಂತ ಬಾಡೂಟದ ಚರ್ಚೆಯೇ ದೊಡ್ಡದಾಗಿತ್ತು. ಅದು ನಮ್ಮ ಜಿಲ್ಲೆ.

ಮದ್ದೂರಿನ ಸೊಸೆ

ವಡೆ ಬಗ್ಗೆ ಹಾಕುವುದಾದರೆ ಇದನ್ನೂ ಹಾಕಿ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಮೇಲಿನಿಂದಲೇ ಹೋಗುತ್ತವೆ. ಹಳೇ ರಸ್ತೆ ಪಕ್ಕದ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಬೆಂಚು ಖಾಲಿ. ರೈಲಿನಲ್ಲಿ ಹೋಗುವವರಿಗೆ ಮಾತ್ರ ವಡೆ ಇನ್ನೂ ಕಿಟಕಿಗೇ ಬರುತ್ತೆ. ನಮ್ಮ ಎಳನೀರು ಮಾರುಕಟ್ಟೆ ಹಾಗೇ ಇದೆ ಸದ್ಯ, ಲಾರಿ ತುಂಬಿ ದೂರದ ರಾಜ್ಯಗಳಿಗೆ ಹೋಗುತ್ತೆ.

ಶಾಸನದ ಹುಚ್ಚು

ಒಂದು ಮಾತು, ಹುಡುಗ ತಪ್ಪು ಬರೆಯಬಾರದು ಅಂತ. ಶಿವನಸಮುದ್ರದ ಜಲಪಾತಗಳಲ್ಲಿ ಗಗನಚುಕ್ಕಿ ನಮ್ಮ ಮಳವಳ್ಳಿ ಕಡೆ. ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಎರಡನ್ನೂ ನಮ್ಮದೇ ಅಂತ ಬರೆಯುವವರು ಬಹಳ ಜನ.

ಕೆರಗೋಡಿನವ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ಪುಟ ಹದಿನಾರು ಆಯಿತು.

ನಕ್ಷೆಗೆ ಮೂರು ಬಣ್ಣ ಹಾಕಿದ್ದಾನೆ. ವಿ.ಸಿ. ನಾಲೆ ಕಡೆ ಹಸಿರು, ನಾಗಮಂಗಲ ಕಂದು, ನಾಲೆಯ ಕೊನೆ ಭಾಗಕ್ಕೆ ಹಸಿರಿನ ಮೇಲೆ ಕಂದು ಗೀಟು. ಟಿ.ಕೆ. ಹಳ್ಳಿಯಿಂದ ಒಂದು ನೀಲಿ ಗೆರೆ ಎಳೆದು ಹಾಳೆಯ ಹೊರಗೆ ತಂದಿದ್ದಾನೆ, ಕೊನೆಯಲ್ಲಿ ‘ನಮ್ಮ ಮನೆ’ ಅಂತ ಬರೆದು. ಮುಖಪುಟಕ್ಕೆ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಹಾಕೋಣ ಅಂತ ನಾನಂದೆ. ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ, ಚೆನ್ನಾಗಿರುತ್ತೆ ಅಂತ. ಅವನು ಕೇಳಲಿಲ್ಲ. ಕಾಳಿ ನಾಯಿಯೇ ಬೇಕಂತೆ. ಈಗ ಹಂದಿ ಬಿಡಿಸುತ್ತಾ ಕೂತಿದ್ದಾನೆ, ನಾಯಿಗಿಂತ ಹಂದಿಯೇ ದೊಡ್ಡದಾಗಿ ಬಂದಿದೆ.

ಜನಸಂಖ್ಯೆ ಪುಟದಲ್ಲಿ ‘2011ರ ಪ್ರಕಾರ’ ಅಂತ ಬರೆಸಿದ್ದೇನೆ ಮೇಷ್ಟ್ರೆ, ಮಾರ್ಕು ಕಳೆಯಬೇಡಿ. ಇವತ್ತು ಸಂಜೆ ಊರಿಗೆ ಫೋನ್ ಮಾಡಿದ್ದೆ. ಮುಂದಿನ ಗಣತಿಯಲ್ಲಿ ನಿಮ್ಮನ್ನ ಮಾತ್ರ ಎಣಿಸುತ್ತಾರೆ ಅಂತ ಅಪ್ಪನಿಗೆ ಹೇಳಿದೆ. ‘ಭಾನುವಾರ ಬಂದು ಹೋಗು, ಹುರುಳಿ ಒಕ್ಕಣೆ ಇದೆ’ ಅಂದರು.

ಹಲಗೂರು ಹೈದ

ಬರುವಾಗ ಹಳೇ ರಸ್ತೆಯಲ್ಲಿ ಬನ್ನಿ. ಅಕ್ಕ ಹೇಳಿದ ಹೋಟೆಲ್‌ಗಳಲ್ಲಿ ವಡೆ ತಿನ್ನಿ.